ಗುಲಾಬಿ, ಆಂಥೂರಿಯಂಗೆ ಯಾವಾಗ ಎಷ್ಟು ನೀರು?

ಅಕ್ಕಾ, ಗೋಣಿಕೊಪ್ಪದ ಮನೆಯಲ್ಲಿ ದಿನಾ ಒಂದೊಂದು ಮಗ್ ನೀರು ತಪ್ಪದೆ ಹಾಕಿದರೂ ಮಳೆಗಾಲದಲ್ಲಿ ಆಂಥೂರಿಯಂ ಹಳದಿಯಾಯ್ತು, ಈಗ ಫೆಬ್ರವರಿಯಲ್ಲಿ ಗುಲಾಬಿ ಒಣಗ್ತಿದೆ ಅಂತ ಬರೆದಿದ್ದೀರಿ. ತೊಂದರೆ ಆ ಒಂದೊಂದು ಮಗ್‌ನಲ್ಲೇ ಇದೆ. ಜುಲೈಗೂ ಫೆಬ್ರವರಿಗೂ ಒಂದೇ ಅಳತೆ ನಮ್ಮ ಕೊಡಗಲ್ಲಿ ನಡೆಯೋಲ್ಲ. ಪಕ್ಕದೂರಿನವರ ಲೆಕ್ಕವೂ ಹೊಂದೋಲ್ಲ: ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ, ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ.

ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತಣ್ಣಗೆ ಅಂಟಿದರೆ ಅವತ್ತು ನೀರು ಬೇಡ.

ನೆಲದಲ್ಲಿರುವ ಗುಲಾಬಿಗೆ ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ಮೇಲಿನ ಒಂದಿಂಚು ಮಾತ್ರ ನೆನೆಯುತ್ತೆ, ಬೇರೂ ಅಲ್ಲೇ ಉಳಿದು ಬಿಸಿಲಿಗೆ ಸುಡುತ್ತೆ. ವಾರಕ್ಕೆ ಎರಡು ಸಲ, ಬೆಳಿಗ್ಗೆ, ಅರ್ಧ ಬಕೆಟ್ ನಿಧಾನಕ್ಕೆ ಇಂಗಿಸಿ. ಮೇಲೆ ತರಗೆಲೆಯೋ ಹಳೇ ಕಾಫಿ ಸಿಪ್ಪೆಯೋ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ.

ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಂತು ಅಂತ ನಂಬಿ ಪೈಪ್ ಸುತ್ತಿಡಬೇಡಿ. ಕಾಫಿ ಹೂ ಅರಳೋಕೇ ಸುಮಾರು 25 ಮಿ.ಮೀ. ಬೇಕು, ಎಷ್ಟೋ ಸಲ ಅಷ್ಟು ಬೀಳೋದೇ ಇಲ್ಲ. ಒಂದು ಮಾರ್ಚ್‌ನಲ್ಲಿ ಸಂಜೆ ಗುಡುಗಿ ಸುರಿಯಿತು, ನಾನೂ ನೀರು ನಿಲ್ಲಿಸಿದೆ. ನಾಲ್ಕನೇ ದಿನ ದಾಸವಾಳದ ಮೊಗ್ಗೆಲ್ಲ ಉದುರಿತು. ಕತ್ತಿಯಲ್ಲಿ ಕೆದಕಿದರೆ ಮೇಲೆ ಎರಡು ಬೆರಳು ತೇವ, ಕೆಳಗೆ ಬರೀ ಕೆಂಪು ಧೂಳು!

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಿಡಕ್ಕೆ ನೀರು ಕೊಡೋ ಕೆಲಸವಿಲ್ಲ, ನೀರು ಹೊರಗೆ ಹೋಗೋ ದಾರಿ ಮಾಡೋದೇ ಕೆಲಸ. ಕುಂಡದಡಿಯ ತಟ್ಟೆ ತೆಗೆದು, ಎರಡು ಇಟ್ಟಿಗೆ ಮೇಲೆ ಕೂರಿಸಿ. ಡೇರೆ ಹೂವಿನ ಗಿಡವನ್ನು ದಿಬ್ಬ ಮಾಡಿ ನೆಡಿ, ನೀರು ನಿಂತರೆ ಗೆಡ್ಡೆ ಕೊಳೆಯುತ್ತೆ. ಹಂಚಿನಿಂದ ಧಾರೆ ಬೀಳೋ ಜಾಗದಿಂದ ಕುಂಡ ಸರಿಸಿ, ಇಲ್ಲದಿದ್ದರೆ ಮಣ್ಣೆಲ್ಲ ಎಗರಿ ಬೇರು ಕಾಣುತ್ತೆ. ಆದರೆ ಜಗಲಿಯ ಒಳಗಿರುವ ಕುಂಡ ಮರೀಬೇಡಿ! ಹೊರಗೆ ಧೋ ಅಂತ ಸುರೀತಿದ್ದರೂ ಅದಕ್ಕೆ ಹನಿ ತಾಗೋಲ್ಲ. ಅದನ್ನೂ ಬೆರಳಿಟ್ಟೇ ನೋಡಿ.

ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದ ಮೇಲೆ ಮಳೆ ಬಿಟ್ಟು ಬಿಟ್ಟು ಬರುತ್ತೆ. ಎಲ್ಲರೂ ಎಡವೋದು ಆಗಲೇ. ಆ ವಾರಗಳಲ್ಲಿ ದಿನಾ ಮಣ್ಣು ಮುಟ್ಟಿ. ಡಿಸೆಂಬರ್ ಚಳಿಗೆ ಬಿಸಿಲು ಬಂದ ಮೇಲೆ ನೀರು ಹಾಕಿದರೆ ಸಾಕು.

ಆಂಥೂರಿಯಂ ಇನ್ನೂ ಬದುಕಬಹುದು ಅಕ್ಕಾ. ಇವತ್ತೇ ಕುಂಡದಿಂದ ಬಿಡಿಸಿ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದ ಬೇರು ಕತ್ತರಿಸಿ, ಬಿಳಿಯ ಗಟ್ಟಿ ಬೇರು ಉಳಿಸಿ, ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ನಾರಿನಲ್ಲಿ ಕೂರಿಸಿ. ಬೇರಿನ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.