ಕೇಳಿ, ಹೇಳುತ್ತೇವೆ: ಸಮುದಾಯ ಬಾನುಲಿಯಲ್ಲಿ ಜಾಝ್ ಮತ್ತು ಬಡಾವಣೆಯ ಕಲಾ ಕಾರ್ಯಕ್ರಮಗಳು

ಬೆಂಗಳೂರಿನ ಸಮುದಾಯ ಬಾನುಲಿಗಳಲ್ಲಿ ಸ್ವಯಂಸೇವಕರಾಗಿ ದುಡಿಯುವವರಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಮಾನ್ಯರೇ, ನಮ್ಮ ಬಾನುಲಿ ಕೇಂದ್ರದಲ್ಲಿ ವಾರಕ್ಕೊಂದು ಗಂಟೆ ಜಾಝ್ ಕಾರ್ಯಕ್ರಮಕ್ಕೆ ಸಮಯ ಕೊಟ್ಟಿದ್ದಾರೆ. ನಿರೂಪಣೆ ಕನ್ನಡದಲ್ಲಿ. ಕೇಳುವವರು ಸಿನಿಮಾ ಹಾಡು, ಭಾವಗೀತೆ, ಕರ್ನಾಟಕ ಸಂಗೀತಕ್ಕೆ ಒಗ್ಗಿದವರು. ಎಷ್ಟು ಹಾಕಬೇಕು, ಏನು ಮಾತಾಡಬೇಕು?
— ಓದುಗರು, ಜಯನಗರ

ಉತ್ತರ: ಗಂಟೆಗೆ ಐದು ತುಣುಕು ಸಾಕು. ಜಾಝ್ ತುಣುಕು ಸಾಮಾನ್ಯವಾಗಿ 6ರಿಂದ 9 ನಿಮಿಷ ಇರುತ್ತದೆ. ಐದಕ್ಕೆ 38 ನಿಮಿಷ, ಮಾತಿಗೆ 12, ಕಲಾ ಕಾರ್ಯಕ್ರಮಗಳ ಪಟ್ಟಿಗೆ 4, ಉಳಿದದ್ದು ಕೇಂದ್ರದ ಗುರುತು ಮತ್ತು ಜಾಹೀರಾತಿಗೆ. ಹತ್ತು ತುಣುಕು ತುರುಕಿ ಒಂದೊಂದನ್ನೂ ಮೂರು ನಿಮಿಷಕ್ಕೆ ಕತ್ತರಿಸುವವರಿದ್ದಾರೆ. ಹಾಗೆ ಮಾಡಿದರೆ ಧಾಟಿ ಮುಗಿದು ಮನೋಧರ್ಮ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು, ಶುರುವಾಗುವ ಹೊತ್ತಿಗೆ ಹಾಡು ನಿಂತುಹೋಗುತ್ತದೆ. ಜಾಝ್‌ನ ಜೀವ ಇರುವುದೇ ಆ ಭಾಗದಲ್ಲಿ.

ನಿಮ್ಮ ಕೇಳುಗರಿಗೆ ತಾಳ ಹಾಕುವುದು ಗೊತ್ತು. ಅಲ್ಲಿಂದಲೇ ಶುರು ಮಾಡಿ. ಹನ್ನೆರಡು ಬಾರ್‌ನ ಬ್ಲೂಸ್ ಎಂದರೆ ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಮನೆ, ಒಟ್ಟು 48 ಎಣಿಕೆ. ಎಂಟು ಎಣಿಕೆಯ ಆದಿತಾಳದ ಆರು ಆವರ್ತನಕ್ಕೆ ಸರಿಹೊಂದುತ್ತದೆ. ನಿಮಿಷಕ್ಕೆ 120 ಎಣಿಕೆಯ ನಡೆಯಾದರೆ 24 ಸೆಕೆಂಡಿಗೊಮ್ಮೆ ಸುತ್ತು ಮುಗಿಯುತ್ತದೆ. 'ಕೈಯಲ್ಲಿ ಆದಿತಾಳ ಹಾಕುತ್ತಾ ಕೇಳಿ, ಆರನೇ ಆವರ್ತನ ಮುಗಿದಾಗ ಏನಾಗುತ್ತದೆ ಗಮನಿಸಿ' ಎಂದಷ್ಟೇ ಹೇಳಿ ಹಾಡು ಬಿಡಿ. ಎರಡು ಸುತ್ತಿನಲ್ಲೇ ಕಿವಿಗೆ ದಾರಿ ಸಿಗುತ್ತದೆ. 32 ಬಾರ್‌ನ ಹಾಡುಗಳು ಹದಿನಾರು ಆವರ್ತನ. ಅವು ಎರಡನೇ ತಿಂಗಳಿಗಿರಲಿ. ಒತ್ತು ಬೀಳುವ ಜಾಗವನ್ನೂ ತೋರಿಸಿಕೊಡಿ: ನಾಲ್ಕು ಎಣಿಕೆಯಲ್ಲಿ ನಾವು ಮೊದಲನೆಯದಕ್ಕೆ ಕೈ ತಟ್ಟುತ್ತೇವೆ, ಜಾಝ್‌ನಲ್ಲಿ ಡ್ರಮ್ಸ್‌ನವರು ಎರಡು ಮತ್ತು ನಾಲ್ಕನ್ನು ಒತ್ತುತ್ತಾರೆ. ಐದು ಎಣಿಕೆಯ ತುಣುಕು ಸಿಕ್ಕಿದರೆ ಖಂಡಛಾಪು ಅಂದರೆ ಸಾಕು, ಬೇರೆ ವಿವರಣೆ ಬೇಡ.

ರಚನೆ ವಿವರಿಸಲೂ ನಮ್ಮ ಮಾತೇ ಇದೆ. ಮೊದಲು ಎಲ್ಲರೂ ಕೂಡಿ ಧಾಟಿ ನುಡಿಸುತ್ತಾರೆ, ಇದಕ್ಕೆ ಅವರು ಹೆಡ್ ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರೇ ಅದೇ ಸುತ್ತಿನ ಮೇಲೆ ಮನೋಧರ್ಮ ಬೆಳೆಸುತ್ತಾರೆ, ಕೊನೆಗೆ ಮತ್ತೆ ಧಾಟಿ. ಕಲ್ಪನಾಸ್ವರ ಹಾಡಿ ಪಲ್ಲವಿಗೆ ಮರಳುವ ಹಾಗೆ. ಆದರೆ ಹೋಲಿಕೆ ಇಲ್ಲಿಗೆ ನಿಲ್ಲಬೇಕು. ನಮ್ಮಲ್ಲಿ ತಂಬೂರಿಯ ಶ್ರುತಿ ಅಲುಗುವುದಿಲ್ಲ, ರಾಗ ದಾರಿ ತೋರುತ್ತದೆ. ಅಲ್ಲಿ ಕೆಳಗಿನ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ಒಂದೆರಡು ಬಾರ್‌ಗೊಮ್ಮೆ ಬದಲಾಗುತ್ತದೆ. ಈಗ ಒಪ್ಪಿದ ಸ್ವರ ನಾಲ್ಕು ಎಣಿಕೆಯಾದ ಮೇಲೆ ಒಪ್ಪದಿರಬಹುದು, ನುಡಿಸುವವರು ಅದನ್ನು ಮುಂದಾಗಿಯೇ ಕಂಡು ಹೆಜ್ಜೆ ಇಡುತ್ತಾರೆ. ಈ ವ್ಯತ್ಯಾಸವನ್ನು ಹೇಳದೆ 'ಎರಡೂ ಒಂದೇ' ಎಂದುಬಿಟ್ಟರೆ ಎರಡೂ ಸಂಗೀತಕ್ಕೆ ಅನ್ಯಾಯ.

ಸೇತುವೆಗೆ ದೂರ ಹುಡುಕಬೇಕಾಗಿಲ್ಲ. ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಆರ್.ಎ. ರಮಾಮಣಿಯವರ ಗಾಯನದೊಂದಿಗೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ತಂದಿತು. ಮರಿಯಾನೊ ನಾಗಸ್ವರವನ್ನೂ ಕಲಿತವರು. ಸ್ಯಾಕ್ಸೊಫೋನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಕದ್ರಿ ಗೋಪಾಲನಾಥರು 1980ರಲ್ಲೇ ಮುಂಬೈನ ಜಾಝ್ ಯಾತ್ರಾ ಉತ್ಸವದಲ್ಲಿ ನುಡಿಸಿದ್ದರು. 2008ರ 'ಕಿನ್ಸ್‌ಮೆನ್' ಮುದ್ರಿಕೆಯಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ಕದ್ರಿಯವರ ಎರಡು ಸ್ಯಾಕ್ಸೊಫೋನ್‌ಗಳು ಎದುರುಬದುರು ನಿಲ್ಲುತ್ತವೆ. ಗಮಕ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಕೇಳುಗರನ್ನೇ ಕೇಳಿ. ಫೋನ್ ಬರುತ್ತದೆ.

ಮಾತು ತುಣುಕಿಗೆ 90 ಸೆಕೆಂಡ್ ದಾಟಬಾರದು. ಅದರಲ್ಲಿ ಕಿವಿಗೊಡಬೇಕಾದ ಒಂದೇ ಒಂದು ಸಂಗತಿ ಇರಲಿ: 'ಮೂರನೇ ನಿಮಿಷಕ್ಕೆ ಟ್ರಂಪೆಟ್ ಸುಮ್ಮನಾಗುತ್ತದೆ, ಪಿಯಾನೊ ಎಷ್ಟು ಕಡಿಮೆ ಸ್ವರದಲ್ಲಿ ಶುರು ಮಾಡುತ್ತದೆ ನೋಡಿ' ಎಂಬಂತೆ. ಕಲಾವಿದರ ಜಾತಕ ಓದುತ್ತಾ ಕೂತರೆ ಜನ ಸ್ಟೇಷನ್ ತಿರುಗಿಸುತ್ತಾರೆ. ಪಿಯಾನೊ ಮುನ್ನುಡಿಯ ಮೇಲೆ ಮಾತಾಡಬೇಡಿ, ಅದೂ ಸಂಗೀತವೇ. ತುಣುಕು ಮುಗಿದ ಮೇಲೆ ಹೆಸರುಗಳನ್ನು ಮತ್ತೊಮ್ಮೆ ಹೇಳಿ. ಅರ್ಧದಲ್ಲಿ ಸೇರಿಕೊಂಡವರಿಗೆ ಮೊದಲ ಸಲ ಹೇಳಿದ್ದು ಕೇಳಿಸಿರುವುದಿಲ್ಲ.

ಪ್ರಶ್ನೆ: ನಮ್ಮ ಕಂಪ್ಯೂಟರ್ ಪ್ರಸಾರದಲ್ಲಿ ಜಾಝ್ ತುಣುಕು ನಡುವೆಯೇ ನಿಂತು ಕೇಂದ್ರದ ಜಿಂಗಲ್ ಬಂದುಬಿಡುತ್ತದೆ. ಕೆಲವು ಹಾಡುಗಳ ಕೊನೆಯೂ ಕಾಣೆ. ಫೈಲು ಸರಿಯಾಗಿಯೇ ಇದೆ.
— ಓದುಗರು, ಬನಶಂಕರಿ

ಉತ್ತರ: ಇವು ಎರಡು ಬೇರೆ ಬೇರೆ ದೋಷ.

ನಡುವೆ ನಿಲ್ಲುವುದು ಮೌನ ಪತ್ತೆ ಮಾಡುವ ವ್ಯವಸ್ಥೆಯಿಂದ. ಗೊತ್ತುಮಾಡಿದ ಮಟ್ಟಕ್ಕಿಂತ ಶಬ್ದ ಕೆಳಗಿಳಿದು ಕೆಲವು ಸೆಕೆಂಡ್ ಅಲ್ಲೇ ಇದ್ದರೆ, ಪ್ರಸಾರ ಸತ್ತಿತೆಂದು ತಿಳಿದು ಅದು ಜಿಂಗಲ್ ಬಿಡುತ್ತದೆ. ಸಿನಿಮಾ ಹಾಡಿಗೆ ಹೊಂದಿಸಿದ ಮಟ್ಟ ಡಬಲ್ ಬಾಸ್‌ನ ಒಂಟಿ ವಾದನಕ್ಕೆ ಹೊಂದುವುದಿಲ್ಲ. ಮಟ್ಟವನ್ನು ಮೈನಸ್ 50 ಡೆಸಿಬೆಲ್ ಸುತ್ತ ಇಳಿಸಿ, ಕಾಯುವ ಸಮಯವನ್ನು 20 ಸೆಕೆಂಡಿಗೆ ಏರಿಸಿ. ಪೂರಾ ಆರಿಸಬೇಡಿ. ರಾತ್ರಿ ಯಾರೂ ಇಲ್ಲದಾಗ ನಿಜವಾಗಿಯೇ ಪ್ರಸಾರ ನಿಂತರೆ ಕಾಪಾಡುವುದು ಅದೊಂದೇ.

ಕೊನೆ ಕಾಣೆಯಾಗುವುದು ತಂತ್ರಾಂಶವು ಹಾಡಿನ ತುದಿಯನ್ನು ತಾನೇ ಗುರುತಿಸುವುದರಿಂದ. ಸಿಂಬಲ್ ನಾದ ನಿಧಾನವಾಗಿ ಕರಗುತ್ತಿರುವಾಗಲೇ 'ಮುಗಿಯಿತು' ಎಂದು ಲೆಕ್ಕಹಾಕಿ ಮುಂದಿನದನ್ನು ಮೇಲೆ ಹೇರುತ್ತದೆ. ಜಾಝ್ ಫೈಲುಗಳಿಗೆ ಬೇರೆ ವಿಭಾಗ ಮಾಡಿ, ಆ ವಿಭಾಗಕ್ಕೆ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯ ಮೇಲೆ ಮುಂದಿನದನ್ನು ಬೆರೆಸುವುದು) ಸೊನ್ನೆ ಇಡಿ, ತುದಿಯ ಗುರುತನ್ನು ಕೈಯಿಂದಲೇ ಹಾಕಿ. ಹೊಸ ಫೈಲು ಸೇರಿಸಿದಾಗಲೆಲ್ಲ ಕೊನೆಯ 15 ಸೆಕೆಂಡ್ ಕೇಳಿ ನೋಡುವುದು ಅಭ್ಯಾಸವಾಗಲಿ.

ಪ್ರಶ್ನೆ: ಹಳೆಯ ಜಾಝ್ ಮುದ್ರಿಕೆಗಳಿಗೆ ಹಕ್ಕುಸ್ವಾಮ್ಯ ಇಲ್ಲ ಅನ್ನುತ್ತಾರೆ, ನಿಜವೇ? ಚಂದಾ ಕಟ್ಟಿದ ಸಂಗೀತ ಆ್ಯಪ್‌ನಿಂದ ನೇರ ಹಾಕಬಹುದೇ?
— ಓದುಗರು, ಮಲ್ಲೇಶ್ವರ

ಉತ್ತರ: ಆ್ಯಪ್‌ನಿಂದ ಹಾಕುವಂತಿಲ್ಲ. ನೀವು ಕಟ್ಟಿದ ಚಂದಾ ಸ್ವಂತ ಕೇಳುವಿಕೆಗೆ, ಪ್ರಸಾರಕ್ಕಲ್ಲ.

ಹಳೆಯ ಮುದ್ರಿಕೆಯ ಮಾತು ಅರ್ಧ ನಿಜ. ಒಂದೊಂದು ತುಣುಕಿನಲ್ಲೂ ಎರಡು ಹಕ್ಕು ಇರುತ್ತವೆ: ಒಂದು ರಚನೆಯದು, ಇನ್ನೊಂದು ಧ್ವನಿಮುದ್ರಣದ್ದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೆ, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ರಚನೆಗೆ, ರಚನಕಾರರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಎರಡೂ ಮುಗಿದಿದ್ದರೆ ಮಾತ್ರ ಅದು ಎಲ್ಲರ ಸ್ವತ್ತು.

ಮೈಲ್ಸ್ ಡೇವಿಸ್‌ರ 1959ರ ಮುದ್ರಣವೊಂದನ್ನು ತೆಗೆದುಕೊಳ್ಳಿ. ಧ್ವನಿಮುದ್ರಣದ ಹಕ್ಕು 2019ರ ಕೊನೆಗೆ ಮುಗಿದಿದೆ. ಆದರೆ ಅವರು ತೀರಿಕೊಂಡದ್ದು 1991ರಲ್ಲಿ, ಹಾಗಾಗಿ ಅವರ ರಚನೆಗಳ ಹಕ್ಕು 2051ರವರೆಗೂ ಜೀವಂತ. ಚಾರ್ಲಿ ಪಾರ್ಕರ್ 1955ರಲ್ಲಿ ತೀರಿಕೊಂಡರು. ಅವರೊಬ್ಬರೇ ರಚಿಸಿ, 1940ರ ದಶಕದಲ್ಲೇ ಪ್ರಕಟವಾದ ತುಣುಕುಗಳಲ್ಲಿ ಎರಡೂ ಹಕ್ಕು ಮುಗಿದಿವೆ. ಇಬ್ಬರು ಸೇರಿ ರಚಿಸಿದ್ದರೆ ಕೊನೆಗೆ ತೀರಿಕೊಂಡವರಿಂದ ಲೆಕ್ಕ.

ಇಲ್ಲೊಂದು ಹಳ್ಳ ಇದೆ. ಲೆಕ್ಕಕ್ಕೆ ಬರುವುದು ಪ್ರಕಟವಾದ ವರ್ಷ, ನುಡಿಸಿದ ವರ್ಷವಲ್ಲ. ಥೆಲೋನಿಯಸ್ ಮಂಕ್ ಮತ್ತು ಜಾನ್ ಕೋಲ್ಟ್ರೇನ್ 1957ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಕಚೇರಿ ಮುದ್ರಿಕೆಯಾಗಿ ಹೊರಬಂದದ್ದು 2005ರಲ್ಲಿ. ಅದಕ್ಕೆ ಹಳೆಯದೆಂಬ ವಿನಾಯಿತಿ ಸಿಗದು.

ಉಳಿದ ಎಲ್ಲದಕ್ಕೂ ಪರವಾನಗಿ ಬೇಕು. ರಚನೆಗಳ ಕಡೆಯಿಂದ ಐಪಿಆರ್‌ಎಸ್, ಧ್ವನಿಮುದ್ರಣಗಳ ಕಡೆಯಿಂದ ಪಿಪಿಎಲ್ ಎಂಬ ಪರವಾನಗಿ ಸಂಸ್ಥೆಗಳು, ಅಥವಾ ಧ್ವನಿಮುದ್ರಿಕೆ ತಂದ ಆಯಾ ಕಂಪನಿ. ಇದನ್ನು ಕೇಂದ್ರದ ಆಡಳಿತದವರು ಮಾಡಬೇಕು, ನಿರೂಪಕರು ಬಿಡಿಬಿಡಿಯಾಗಿ ಓಡಾಡುವ ಕೆಲಸವಲ್ಲ. ಕಾಯ್ದೆಯ 31ಡಿ ಕಲಮಿನಡಿ ಶಾಸನಬದ್ಧ ಪರವಾನಗಿಯ ದಾರಿಯೂ ಇದೆ. ಅದರಲ್ಲಿ ಮುಂಚಿತವಾಗಿ ಸೂಚನೆ ಕೊಡಬೇಕು, ರಚನಕಾರರ ಮತ್ತು ಮುಖ್ಯ ಕಲಾವಿದರ ಹೆಸರನ್ನು ಪ್ರಸಾರದಲ್ಲಿ ಹೇಳಲೇಬೇಕು. ಜಾಝ್ ಪ್ರೀತಿಸುವವರಿಗೆ ಅದು ಹೊರೆಯಲ್ಲ. ಬಾಸ್ ನುಡಿಸಿದವರ ಹೆಸರನ್ನೂ ಸೇರಿಸಿಯೇ ಹೇಳಿ. ಕಾರ್ಯಕ್ರಮವನ್ನು ಆಮೇಲೆ ಅಂತರ್ಜಾಲದಲ್ಲಿ ಹಾಕುವುದಾದರೆ ಬೇರೆಯೇ ಅನುಮತಿ ಬೇಕು, ಬಾನುಲಿಯದ್ದು ಅಲ್ಲಿಗೆ ನಡೆಯುವುದಿಲ್ಲ.

ಪ್ರಶ್ನೆ: ಬಡಾವಣೆಯ ನಾಟಕ, ಸಂಗೀತ, ಚಿತ್ರಪ್ರದರ್ಶನಗಳ ಪಟ್ಟಿ ಓದಬೇಕೆಂದಿದ್ದೇವೆ. ಸಮುದಾಯ ಬಾನುಲಿ ಸುದ್ದಿ ಹೇಳುವಂತಿಲ್ಲವಲ್ಲ, ಇದು ಸುದ್ದಿಯಾಗುತ್ತದೆಯೇ? ಆಯೋಜಕರು ಹಣ ಕೊಟ್ಟರೆ ತೆಗೆದುಕೊಳ್ಳಬಹುದೇ?
— ಓದುಗರು, ಬಸವನಗುಡಿ

ಉತ್ತರ: ಸುದ್ದಿಯಾಗುವುದಿಲ್ಲ. ಸ್ಥಳೀಯ ಸಾಂಸ್ಕೃತಿಕ ಕಾರ್ಯಕ್ರಮ, ಹಬ್ಬ, ಜಾತ್ರೆಗಳ ಮಾಹಿತಿಗೆ ಕೇಂದ್ರ ಸರ್ಕಾರದ ಸಮುದಾಯ ಬಾನುಲಿ ಮಾರ್ಗಸೂಚಿಯಲ್ಲೇ ಅವಕಾಶವಿದೆ. ಹಣ ಪಡೆದರೆ ಅದು ಜಾಹೀರಾತು. 2024ರ ಮಾರ್ಗಸೂಚಿ ಗಂಟೆಗೆ 12 ನಿಮಿಷ ಜಾಹೀರಾತಿಗೆ ಅವಕಾಶ ಕೊಟ್ಟಿದೆ, ಅದರೊಳಗೆ ಜಾಹೀರಾತೆಂದೇ ಹಾಕಿ. ಹಣ ಕೊಟ್ಟವರನ್ನು ಪಟ್ಟಿಯೊಳಗೆ ಸೇರಿಸಿದ ದಿನ ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತದೆ. ಪ್ರಸಾರವಾದದ್ದೆಲ್ಲವನ್ನೂ ಮೂರು ತಿಂಗಳು ಕಾದಿಡಬೇಕೆಂಬ ನಿಯಮವಿದೆ, ಪಟ್ಟಿಯೂ ಅದರಲ್ಲಿ ಸೇರಿತು.

ಕನ್ನಡವನ್ನು ಕೇಳುವ ಹದದಲ್ಲಿ ಓದಿದರೆ ನಿಮಿಷಕ್ಕೆ 100ರಿಂದ 120 ಪದ. ಒಂದು ಕಾರ್ಯಕ್ರಮಕ್ಕೆ 40 ಪದ ಇಟ್ಟರೆ 4 ನಿಮಿಷದಲ್ಲಿ ಹತ್ತು ಮುಗಿಯುತ್ತವೆ. ಮೊದಲು ದಿನ ಮತ್ತು ಹೊತ್ತು, ಆಮೇಲೆ ಏನು, ಯಾರು, ಎಲ್ಲಿ. ಟಿಕೆಟ್ ದರ, ಯಾವ ಭಾಷೆ, ಗಾಲಿಕುರ್ಚಿಗೆ ದಾರಿ ಇದೆಯೇ ಎಂಬುದು ಕೊನೆಗೆ. ದಿನ ಮತ್ತು ಜಾಗವನ್ನು ಇನ್ನೊಮ್ಮೆ ಹೇಳಿ, ಬರೆದುಕೊಳ್ಳುವವರಿಗೆ ಪೆನ್ನು ಹುಡುಕಲು ಹೊತ್ತು ಬೇಕು. ಬಿಟ್ಟುಹೋಗುವುದು ಸಾಮಾನ್ಯವಾಗಿ ಸಣ್ಣ, ಆದರೆ ಮುಖ್ಯವಾದ ಸಂಗತಿ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ ಎಂಬುದನ್ನು ಹೇಳದಿದ್ದರೆ ನಿಮ್ಮನ್ನು ನಂಬಿ ಹೋದವರು ಬಾಗಿಲಲ್ಲಿ ನಿಲ್ಲುತ್ತಾರೆ. ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ ಎಂದು ಬರೆದಿಟ್ಟುಕೊಂಡರೆ ಸಾಲದು, ಆ ವರ್ಷದ ತಾರೀಕನ್ನು ಪಂಚಾಂಗ ನೋಡಿ ಹೇಳಬೇಕು.

ನಿಮ್ಮ ಪ್ರಸಾರ ಮುಟ್ಟುವ ಜಾಗಕ್ಕೆ ಪಟ್ಟಿಯನ್ನು ಕಟ್ಟಿಹಾಕಿ. ಸಮುದಾಯ ಬಾನುಲಿಗೆ ಸಾಮಾನ್ಯವಾಗಿ 100 ವ್ಯಾಟ್ ಮಿತಿ, ಆಂಟೆನಾ 30 ಮೀಟರ್ ಒಳಗೆ. ದೂರ ಸುಮಾರು 5ರಿಂದ 10 ಕಿಲೋಮೀಟರ್, ಎತ್ತರದ ಅಪಾರ್ಟ್‌ಮೆಂಟುಗಳ ಹಿಂದೆ ಇನ್ನೂ ಕಡಿಮೆ. ವೈಟ್‌ಫೀಲ್ಡ್‌ನ ಜಾಝ್ ಕಚೇರಿ ಬಸವನಗುಡಿಯ ಪಟ್ಟಿಯಲ್ಲಿ ಒಂದು ಸಾಲು ಇದ್ದರೆ ಸಾಕು. ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಇವತ್ತು ಸಂಜೆ ಏನಿದೆ ಎಂಬುದು ನಿಮ್ಮ ಕೇಳುಗರ ನಡಿಗೆಯ ದೂರದ ಸಂಗತಿ. ಅದಕ್ಕೆ ಪೂರ್ತಿ 40 ಪದ ಕೊಡಿ. ಆಯೋಜಕರಿಗೆ ಬುಧವಾರ ಫೋನ್ ಮಾಡಿ, ಶುಕ್ರವಾರ ಓದುವ ಮುನ್ನ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಹಳೆಯ ಪೋಸ್ಟರ್ ನೋಡಿ ಓದಿಬಿಡುವುದರಿಂದಲೇ ಬಹುಪಾಲು ತಪ್ಪು ಆಗುವುದು.

ಪ್ರಶ್ನೆ: ಹಳೆಯ ಸ್ಟೀರಿಯೊ ಜಾಝ್ ಹಾಕಿದರೆ ಇಯರ್‌ಫೋನ್‌ನಲ್ಲಿ ಒಂದು ಕಿವಿಗೆ ಬರೀ ಡ್ರಮ್ಸ್ ಎಂದು ದೂರು ಬರುತ್ತದೆ.
— ಓದುಗರು, ರಾಜಾಜಿನಗರ

ಉತ್ತರ: ಸ್ಟೀರಿಯೊದ ಶುರುವಿನ ದಿನಗಳಲ್ಲಿ ಹಾಗೆಯೇ ಎರಡು ಬದಿಗೆ ಹಂಚಿಬಿಡುತ್ತಿದ್ದರು. ಆ ಕಾರ್ಯಕ್ರಮವನ್ನು ಮೊನೊದಲ್ಲಿ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವಂತೆ, ಪ್ರಸಾರ ಮಾಡಿ. ಸಿಗ್ನಲ್ ಕ್ಷೀಣವಾಗಿರುವ ಅಂಚಿನ ಮನೆಗಳಲ್ಲಿ ಗರಗರ ಸದ್ದೂ ಎದ್ದು ಕಾಣುವಷ್ಟು ತಗ್ಗುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯ ಸಣ್ಣ ಸಭಾಂಗಣದಲ್ಲಿ ನಡೆದ ಜಾಝ್ ಕಚೇರಿಯನ್ನು ಮಿಕ್ಸರ್‌ನಿಂದ ನೇರ ಧ್ವನಿಮುದ್ರಿಸಿಕೊಂಡೆವು. ಹಾಡುಗಾರ್ತಿಯ ದನಿ ದೊಡ್ಡದು, ಡ್ರಮ್ಸ್ ಎಲ್ಲೋ ದೂರ. ತಪ್ಪು ಎಲ್ಲಾಯಿತು?
— ಓದುಗರು, ಇಂದಿರಾನಗರ

ಉತ್ತರ: ಮಿಕ್ಸರ್‌ನಲ್ಲಿರುವುದು ಸ್ಪೀಕರ್‌ಗೆ ಬೇಕಾದಷ್ಟು ಮಾತ್ರ. ಸಣ್ಣ ಸಭಾಂಗಣದಲ್ಲಿ ಡ್ರಮ್ಸ್‌ಗೆ ಸ್ಪೀಕರ್ ಬೇಕಿಲ್ಲ, ಅದಕ್ಕೇ ಅದರ ಮೈಕನ್ನು ಏರಿಸಿರುವುದೂ ಇಲ್ಲ. ಕೂತವರ ಕಿವಿಗೆ ನೇರ ಬಿದ್ದ ಸದ್ದು ನಿಮ್ಮ ತಂತಿಗೆ ಬಂದಿಲ್ಲ.

ನಾಲ್ಕು ಟ್ರ್ಯಾಕ್‌ನ ಕೈ ರೆಕಾರ್ಡರ್ ಒಯ್ಯಿರಿ. ಎರಡು ಟ್ರ್ಯಾಕ್‌ಗೆ ಮಿಕ್ಸರ್, ಇನ್ನೆರಡಕ್ಕೆ ವೇದಿಕೆಯಿಂದ ಮೂರು ಮೀಟರ್ ಮುಂದೆ, ತಲೆಗಿಂತ ಎತ್ತರದಲ್ಲಿ ಒಂದು ಜೋಡಿ ಮೈಕ್. ಮಿಕ್ಸರ್‌ನಿಂದ ಬರುವುದು ಲೈನ್ ಮಟ್ಟದ, ಅಂದರೆ ಮೈಕಿನದಕ್ಕಿಂತ ಬಹಳ ಬಲವಾದ ಸದ್ದು. ಅದನ್ನು ಮೈಕ್ ಇನ್‌ಪುಟ್‌ಗೆ ಕೊಟ್ಟರೆ ಒಡೆಯುತ್ತದೆ, ಆಮೇಲೆ ಸರಿಮಾಡಲು ಆಗದು. ಆ ಚಾನಲ್‌ಗಳ ಫ್ಯಾಂಟಮ್ ವಿದ್ಯುತ್ತನ್ನೂ (ತಂತಿಯಲ್ಲೇ ಮೈಕಿಗೆ ಹೋಗುವ ವಿದ್ಯುತ್ತು) ಆರಿಸಿ. ಸ್ವಯಂಚಾಲಿತ ಗೇನ್ ಬೇಡವೇ ಬೇಡ: ಬಾಸ್ ವಾದನದಲ್ಲಿ ಅದು ಮಟ್ಟ ಏರಿಸಿ ಫ್ಯಾನಿನ ಸದ್ದನ್ನು ಎತ್ತಿ ತೋರಿಸುತ್ತದೆ, ಡ್ರಮ್ಸ್ ಬಿದ್ದ ಕೂಡಲೇ ಕುಸಿಯುತ್ತದೆ. ಜೋರಾದ ಭಾಗ ಮೈನಸ್ 12 ಡೆಸಿಬೆಲ್‌ಗೆ ಮುಟ್ಟುವಂತೆ ಕೈಯಿಂದ ಹೊಂದಿಸಿ. ತಾಲೀಮಿನಲ್ಲಿ ನುಡಿಸಿದ್ದಕ್ಕಿಂತ ಕಚೇರಿಯಲ್ಲಿ ಜೋರಾಗಿಯೇ ನುಡಿಸುತ್ತಾರೆ, ಅದಕ್ಕೆ ಜಾಗ ಇರಬೇಕು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಸ್ಟೀರಿಯೊ ಜೋಡಿಗೆ ಗಂಟೆಗೆ ಸುಮಾರು 1 ಜಿಬಿ, ನಾಲ್ಕು ಟ್ರ್ಯಾಕ್‌ಗೆ 2 ಜಿಬಿ. ಗುಂಯ್‌ಗುಡುವ 50 ಹರ್ಟ್ಸ್ ಸದ್ದು ಬಂದರೆ ಮಿಕ್ಸರ್ ಮತ್ತು ರೆಕಾರ್ಡರ್ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅಥವಾ ರೆಕಾರ್ಡರನ್ನು ಬ್ಯಾಟರಿಯಲ್ಲೇ ಓಡಿಸಿ.

ಮನೆಗೆ ಬಂದು ಎರಡು ಜೋಡಿಯನ್ನು ಬೆರೆಸುವಾಗ ಕಾಲದ ವ್ಯತ್ಯಾಸ ನೋಡಿಕೊಳ್ಳಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಮೂರು ಮೀಟರಿಗೆ ಸುಮಾರು 9 ಮಿಲಿಸೆಕೆಂಡ್. ಮಿಕ್ಸರ್ ಟ್ರ್ಯಾಕನ್ನು ಅಷ್ಟು ತಡವಾಗಿ ಶುರುವಾಗುವಂತೆ ಸರಿಸದಿದ್ದರೆ ಹಾಡುಗಾರ್ತಿಯ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಕಚೇರಿಗೆ ಮುಂಚೆ ವೇದಿಕೆಯ ಮೈಕ್ ಮುಂದೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿಸಿ, ಎರಡೂ ಜೋಡಿಯಲ್ಲಿ ಅದರ ಮೊನೆ ಕಾಣುತ್ತದೆ, ಅದನ್ನೇ ಹೊಂದಿಸಿ. ಮೊದಲು ಸಭಾಂಗಣದ ಜೋಡಿಯನ್ನೇ ಮುಖ್ಯವಾಗಿಟ್ಟು, ಮಾತು ಸ್ಪಷ್ಟವಾಗುವಷ್ಟು ಮಾತ್ರ ಮಿಕ್ಸರ್ ಸೇರಿಸಿ.

ಕಲಾವಿದರ ಒಪ್ಪಿಗೆಯನ್ನು ಕಚೇರಿಗೆ ಮುಂಚೆಯೇ ಬರಹದಲ್ಲಿ ಪಡೆಯಿರಿ: ಎಷ್ಟು ಸಲ ಪ್ರಸಾರ, ಅಂತರ್ಜಾಲದಲ್ಲಿ ಹಾಕುವುದುಂಟೇ, ಅವರಿಗೆ ಪ್ರತಿ ಕೊಡುವಿರೇ ಎಂಬುದು ಅದರಲ್ಲಿರಲಿ. ತಂಡದ ನಾಯಕರೊಬ್ಬರ ಸಹಿ ಸಾಲದು. ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ನುಡಿಸಿದ ಪ್ರತಿಯೊಬ್ಬರಿಗೂ ಹಕ್ಕಿದೆ, ಆ ಸಂಜೆಗೆಂದು ಮಾತ್ರ ಬಂದ ಡ್ರಮ್ಸ್‌ನವರಿಗೂ.