ಮನೆ ಬದಲಾವಣೆಯ ಲೆಕ್ಕದಲ್ಲಿ ಬಿಟ್ಟುಹೋದ ಎರಡು ಬಾಬತ್ತು

ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಬಾಗಲಕೋಟೆಯ ನವನಗರದ ದಂಪತಿ ಮೇ ತಿಂಗಳಲ್ಲಿ ಕೌಟುಂಬಿಕ ಸಲಹೆಗೆಂದು ನನ್ನ ಬಳಿ ಬಂದರು. ಪತಿಗೆ ಬೆಳಗಾವಿಗೆ ವರ್ಗವಾಗಿತ್ತು. ಜೂನ್ ಎರಡನೆಯ ವಾರದೊಳಗೆ ಟಿಳಕವಾಡಿಯ ಬಾಡಿಗೆ ಮನೆಗೆ, ಅದೂ ಎರಡನೆಯ ಮಹಡಿಗೆ, ಹೋಗಬೇಕಿತ್ತು. ಸಾಮಾನು ಕಟ್ಟಿ ಸಾಗಿಸುವ ಕಂಪನಿಯೊಂದು 24,000 ರೂಪಾಯಿ ಕೇಳಿತ್ತು. ಲಾರಿ ಬಾಡಿಗೆ ಮತ್ತು ಎರಡೂ ಕಡೆಯ ಹಮಾಲಿ ಸೇರಿ 13,000 ರೂಪಾಯಿಯಲ್ಲಿ ತಾವೇ ಮುಗಿಸಬಹುದೆಂಬುದು ಪತಿಯ ಹಟವಾಗಿತ್ತು. ಹದಿನೈದು ದಿನಗಳಿಂದ ಗಂಡ ಹೆಂಡಿರ ನಡುವೆ ಮಾತಿರಲಿಲ್ಲ.

ಪತ್ನಿ ಹೇಳಿದ್ದು ಇಷ್ಟು: “ಇವರು ಗಾಡಿ ಬಾಡಿಗಿ ಲೆಕ್ಕಾ ಹಾಕ್ಯಾರ್ರೀ, ಹಮಾಲಿ ಲೆಕ್ಕಾ ಹಾಕ್ಯಾರ. ನಾ ಇಲ್ಲಿ ಎಂಟ ದಿನ ಕಟ್ಟೂದು, ಅಲ್ಲಿ ಎಂಟ ದಿನ ಬಿಚ್ಚೂದು ಯಾರ ಲೆಕ್ಕದಾಗ ಐತ್ರಿ?”

ನಾನು ಹಣದ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ, ಮನೆ ಖಾಲಿ ಮಾಡುವುದರಿಂದ ಹಿಡಿದು ಹೊಸ ಮನೆಯಲ್ಲಿ ಒಲೆ ಹೊತ್ತಿಸುವವರೆಗಿನ ಪ್ರತಿ ಕೆಲಸವನ್ನೂ ಬರೆದು, ಅದನ್ನು ಮಾಡುವವರ ಹೆಸರನ್ನು ಪಕ್ಕದಲ್ಲಿ ನಮೂದಿಸಿಕೊಂಡು ಬರುವಂತೆ ಇಬ್ಬರಿಗೂ ತಿಳಿಸಿದೆ. ಮುಂದಿನ ಭೇಟಿಯಲ್ಲಿ ಪತಿ ತಾವೇ ಬರೆದ ಹಾಳೆಯನ್ನು ಮೇಜಿನ ಮೇಲಿಟ್ಟರು. ಮೂವತ್ತೊಂದು ಕೆಲಸಗಳಲ್ಲಿ ಇಪ್ಪತ್ತೆರಡರ ಪಕ್ಕದಲ್ಲಿ ಪತ್ನಿಯ ಹೆಸರಿತ್ತು. ಆಕೆಗೆ ನಾಲ್ಕು ತಿಂಗಳ ಹಿಂದೆ ಗರ್ಭಕೋಶದ ಶಸ್ತ್ರಚಿಕಿತ್ಸೆಯಾಗಿದ್ದು, ಭಾರ ಎತ್ತಬಾರದೆಂದು ವೈದ್ಯರು ಹೇಳಿದ್ದರು. ನಮ್ಮ ಕಡೆಯ ಬಹುಪಾಲು ಮನೆಗಳಲ್ಲಿ “ನಾವೇ ಮಾಡೋಣ” ಎಂಬ ಮಾತಿನ ಅರ್ಥ “ಮನೆಯ ಹೆಂಗಸರು ಮಾಡಲಿ” ಎಂದೇ ಆಗಿರುತ್ತದೆ ಎಂಬುದನ್ನು ನಾನು ಅನೇಕ ಪ್ರಕರಣಗಳಲ್ಲಿ ಕಂಡಿದ್ದೇನೆ. ಅದು ನನಗೆ ಇಂದಿಗೂ ನೋವಿನ ಸಂಗತಿ.

ಹಾಳೆ ನೋಡಿದ ಮೇಲೂ ಪತಿ ಒಪ್ಪಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಸಾಮಾನಿಗೆ ಮಂದಿ ಕೈ ಹಚ್ಚಿದ್ರ ಅವ್ವಗ ಆಗೂದಿಲ್ರಿ” ಎಂದರು. ಈ ಕಾರಣವನ್ನು ಅವರು ಹೆಂಡತಿಗೆ ಎಂದೂ ಹೇಳಿರಲಿಲ್ಲ. ಅವ್ವನನ್ನೂ ಕೇಳಿರಲಿಲ್ಲ.

ಮೂರನೆಯ ಭೇಟಿಗೆ ನಾನೇ ಅವರ ಮನೆಗೆ ಹೋದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಡೆಯಾದಾಗ ಮನೆ ಬಿಟ್ಟು ನವನಗರಕ್ಕೆ ಬಂದವರಲ್ಲಿ ಆ ತಾಯಿಯೂ ಒಬ್ಬರು. ಅಂದು ಟ್ರ್ಯಾಕ್ಟರಿಗೆ ಸಾಮಾನು ಏರಿಸುವಾಗ ಕೈಜಾರಿ ಬಿದ್ದು ಬಾಯಿಯಂಚು ನೆಗ್ಗಿದ್ದ ತಾಮ್ರದ ಹಂಡೆಯನ್ನು ತೋರಿಸಿ, ನೆಗ್ಗಿದ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತ ಮಾತನಾಡಿದರು. ಅವರ ಕಳವಳ ಹಂಡೆಯದಾಗಿರಲಿಲ್ಲ. “ಆವಾಗ ಊರಿಗೂರs ಎದ್ದು ಬಂತವ್ವಾ. ಈಗ ನಾ ಒಬ್ಬಾಕಿ ಹೋಗಾಕಿ” ಎಂದರು. ಸಾಮಾನು ಯಾರು ಸಾಗಿಸಬೇಕೆಂದು ಕೇಳಿದಾಗ, ದೇವರ ಪೆಟ್ಟಿಗೆ ಮತ್ತು ತಮ್ಮ ತಾಯಿ ಹೊಲಿದ ಕೌದಿ ತಮ್ಮ ಜೊತೆಗೇ ಬರಬೇಕು, ಉಳಿದದ್ದನ್ನು ಯಾರಾದರೂ ತರಲಿ ಎಂದುಬಿಟ್ಟರು.

ನಾನು ಕೊಟ್ಟ ಸಲಹೆ ಹೀಗಿತ್ತು. ಅಡುಗೆಮನೆ, ಗಾಜು, ಕಪಾಟು, ಫ್ರಿಜ್, ವಾಷಿಂಗ್ ಮಷಿನ್ ಇವುಗಳನ್ನು ಕಂಪನಿಯವರೇ ಕಟ್ಟಿ, ಮಹಡಿ ಏರಿಸಿ, ಬಿಚ್ಚಿಡಲಿ. ಬಟ್ಟೆ ಮತ್ತು ಪುಸ್ತಕಗಳನ್ನು ಪತಿ ರಜೆ ಹಾಕಿ ತಾವೇ ಕಟ್ಟಿದರೆ ಕಂಪನಿಯ ದರವನ್ನು ಇಳಿಸಿ ಕೇಳಲು ಆಧಾರ ಸಿಗುತ್ತದೆ. ಬಂಗಾರ, ಮನೆ ಪತ್ರ, ಔಷಧ, ದೇವರ ಪೆಟ್ಟಿಗೆ, ಕೌದಿ ಕಾರಿನಲ್ಲಿ ಕುಟುಂಬದೊಡನೆ ಹೋಗಲಿ. ಹಳೆಯ ಸಾಗವಾನಿ ಕಪಾಟು ಹೊಸ ಮನೆಯ ಮೆಟ್ಟಿಲಿನ ತಿರುವಿನಲ್ಲಿ ಹಿಡಿಸುವುದೇ ಎಂದು ಮೊದಲೇ ಅಳತೆ ಮಾಡಬೇಕು. ನೆಲಮಹಡಿಯಲ್ಲಿ ಸ್ವಲ್ಪವೇ ಸಾಮಾನಿರುವ, ಅದೇ ಊರಿನ ಓಣಿಯಿಂದ ಓಣಿಗೆ ಹೋಗುವ, ಎತ್ತಲು ನಾಲ್ಕು ಗಟ್ಟಿ ಕೈಗಳಿರುವ ಮನೆಯವರಾಗಿದ್ದರೆ ನಾನು ಟಾಟಾ ಏಸ್ ಸಾಕೆನ್ನುತ್ತಿದ್ದೆ. ಇಲ್ಲಿ ಲೋಕಾಪುರ, ಯರಗಟ್ಟಿ ದಾಟಿ ಸುಮಾರು 140 ಕಿ.ಮೀ. ದಾರಿ, ಕೊನೆಗೆ ಎರಡು ಮಹಡಿ. ಬಾಗಲಕೋಟೆಯ ಬಿಸಿಲಿಗೆ ಒಗ್ಗಿದವರಿಗೆ ಬೆಳಗಾವಿಯ ಜೂನ್ ಮಳೆಯ ಅಂದಾಜು ಇರುವುದಿಲ್ಲವಾದ್ದರಿಂದ, ತೆರೆದ ಲಾರಿ ಬೇಡವೆಂದೂ ಒತ್ತಿ ಹೇಳಿದೆ.

ಕಂಪನಿಯವರು ಮನೆಗೆ ಬಂದು ಸಾಮಾನು ನೋಡದೆ, ಫೋನಿನಲ್ಲಷ್ಟೇ ದರ ಹೇಳಿದರೆ ಒಪ್ಪಬಾರದು. ಲಾರಿ ತುಂಬಿದ ಮೇಲೆ ದರ ಏರಿಸುವ ಜಗಳಗಳು ಹೆಚ್ಚಾಗಿ ಅಲ್ಲಿಂದಲೇ ಹುಟ್ಟುತ್ತವೆ. ಸಾಮಾನಿನ ಪಟ್ಟಿ, ಮಹಡಿ ಏರಿಸುವ ಕೂಲಿ, ವಿಮೆ ಎಲ್ಲವೂ ಬರಹದಲ್ಲಿರಬೇಕು ಮತ್ತು ಪೂರ್ತಿ ಹಣವನ್ನು ಮುಂಗಡ ಕೊಡಬಾರದು. 2007ರ ರಸ್ತೆ ಸರಕು ಸಾಗಣೆ ಕಾಯ್ದೆಯ ಪ್ರಕಾರ, ಹೆಚ್ಚಿನ ಹೊಣೆಗೆ ಪ್ರತ್ಯೇಕ ದರ ಕೊಟ್ಟು ಬರೆಸಿಕೊಳ್ಳದಿದ್ದರೆ ಸಾಗಣೆದಾರರು ಕೊಡಬೇಕಾದ ಪರಿಹಾರಕ್ಕೆ ಮಿತಿ ಇರುತ್ತದೆ. ಮೊಕದ್ದಮೆ ಹೂಡುವುದಿದ್ದರೆ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಆದ್ದರಿಂದ ಕಟ್ಟುವ ಮೊದಲೇ ಫೋಟೊ ತೆಗೆದಿಡಲು, ಸಾಮಾನು ಇಳಿಸಿದಾಗ ಕಂಡ ಹಾನಿಯನ್ನು ರಸೀದಿಯ ಮೇಲೆ ಬರೆದೇ ಸಹಿ ಮಾಡಲು ತಿಳಿಸಿದೆ. ದೂರು ಹೇಳಿಕೊಳ್ಳಲು 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ತಾಯಿಯ ವಿಷಯದಲ್ಲಿ ನನ್ನ ಸಲಹೆ ಬೇರೆಯಾಗಿತ್ತು. ಹೊರಡುವ ಮೊದಲು ಮಗ ಅವರನ್ನು ಒಂದು ಸಂಜೆ ಹಿನ್ನೀರಿನ ದಂಡೆಗೆ ಕರೆದೊಯ್ಯಬೇಕು, ಅವಸರಪಡಿಸಬಾರದು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು ಅವರ ಕೈಯಿಂದಲೇ ಆಗಬೇಕು.

ಒಟ್ಟು ಖರ್ಚು 21,500 ರೂಪಾಯಿ ಆಯಿತೆಂದು ಪತ್ನಿ ಜುಲೈನಲ್ಲಿ ಫೋನ್ ಮಾಡಿ ತಿಳಿಸಿದರು. ಕಪಾಟು ಮೆಟ್ಟಿಲಿಗೆ ಹಿಡಿಸದೆಂದು ತಿಳಿದು, ಅದನ್ನು ಮೊದಲೇ ಅಣ್ಣನ ಮನೆಗೆ ಕಳಿಸಿದ್ದರು. ಒಂದು ಕನ್ನಡಿ ಒಡೆದಿತ್ತು. ರಸೀದಿಯಲ್ಲಿ ಬರೆದಿದ್ದರಿಂದ ಬಾಕಿ ಹಣದಲ್ಲಿ ಮುರಿದುಕೊಂಡರು. ಅತ್ತೆಗೆ ಮಾತ್ರ ಇನ್ನೂ ರಾತ್ರಿ ಸರಿಯಾಗಿ ನಿದ್ದೆ ಹತ್ತುತ್ತಿಲ್ಲ. ಶ್ರಾವಣದಲ್ಲಿ ಅವರನ್ನು ಎಂಟು ದಿನ ನವನಗರದ ನೆರೆಮನೆಯ ಗೆಳತಿಯ ಬಳಿ ಬಿಟ್ಟುಬರಲು ಹೇಳಿದ್ದೇನೆ, ಮಗ ಬಸ್ಸಿನ ಟಿಕೆಟ್ ತೆಗೆಸಿದ್ದಾರೆ.