ಚುನಾವಣೆ ಹೊತ್ತಲ್ಲೇ ಟೇಕೋವರ್ ಸುದ್ದಿ ಬಂದರೆ, ಗಣಿ ಷೇರು ಇಟ್ಟುಕೊಂಡವರು ಏನನ್ನು ನೋಡಬೇಕು?

ನಿಮ್ಮ ಪ್ರಶ್ನೆ ಇಷ್ಟು. ಕೈಯಲ್ಲಿ ಒಂದು ಗಣಿ ಕಂಪನಿಯ ಷೇರು ಇದೆ. ಚುನಾವಣೆ ಬರುತ್ತಿದೆ. ಜೊತೆಗೆ, ಯಾರೋ ದೊಡ್ಡವರು ಈ ಕಂಪನಿಯನ್ನೇ ಕೊಂಡುಕೊಳ್ಳುತ್ತಾರೆ ಎಂಬ ಗಾಳಿಸುದ್ದಿ. ಇವೆರಡರಿಂದ ನಿಮ್ಮಂಥ ಸಣ್ಣ ಷೇರುದಾರರಿಗೆ ಏನಾಗುತ್ತದೆ, ಮಾರಬೇಕಾ, ಇಟ್ಟುಕೊಳ್ಳಬೇಕಾ ಅಂತ ಕೇಳಿದ್ದೀರಿ.

ಮಾರಿ ಅಥವಾ ಇಟ್ಟುಕೊಳ್ಳಿ ಅಂತ ನಾನು ಹೇಳಲಾರೆ, ಹೇಳುವ ಲೈಸೆನ್ಸೂ ನನಗಿಲ್ಲ. ಆದರೆ ಬೆಂಗಳೂರಿನಲ್ಲಿ ಕೂತು ವಿದೇಶಿ ಫಂಡ್‌ಗಳ ಕಾರ್ಪೊರೇಟ್ ಆಕ್ಷನ್ ನೋಡಿಕೊಳ್ಳುವುದು ನನ್ನ ಕೆಲಸ. ಡಿವಿಡೆಂಡ್, ವಿಲೀನ, ಓಪನ್ ಆಫರ್ (ಕಂಪನಿ ಕೊಳ್ಳುವವನು ಉಳಿದ ಷೇರುದಾರರಿಗೂ ಇಷ್ಟು ಬೆಲೆ ಕೊಡುತ್ತೇನೆ ಅಂತ ಬಹಿರಂಗವಾಗಿ ಕೇಳುವುದು), ಯಾವುದಕ್ಕೆ ಯಾವ ದಿನದೊಳಗೆ ಉತ್ತರ ಕೊಡಬೇಕು ಅನ್ನುವುದೇ ನಮ್ಮ ಹೊಟ್ಟೆಪಾಡು. ಅಲ್ಲಿಂದ ಕಂಡಿದ್ದನ್ನು ಹೇಳುತ್ತೇನೆ.

ಗಣಿ ಕಂಪನಿಯ ಮಟ್ಟಿಗೆ ಚುನಾವಣೆ, ಟೇಕೋವರ್ ಎರಡೂ ಬೇರೆ ಬೇರೆ ವಿಷಯ ಅಲ್ಲ. ಸಾಫ್ಟ್‌ವೇರ್ ಕಂಪನಿಗೆ ಸರ್ಕಾರ ಸರಿಬರದಿದ್ದರೆ ಆಫೀಸನ್ನು ಬೇರೆ ಕಡೆಗೆ ಸಾಗಿಸಬಹುದು. ಅದಿರು ಎಲ್ಲಿದೆಯೋ ಅಲ್ಲೇ ಇರುತ್ತದೆ. ಅದನ್ನು ತೆಗೆಯಲು ಲೀಸ್, ಅರಣ್ಯ ಇಲಾಖೆಯ ಒಪ್ಪಿಗೆ, ರಾಯಲ್ಟಿ (ತೆಗೆದ ಅದಿರಿಗೆ ಸರ್ಕಾರಕ್ಕೆ ಕಟ್ಟುವ ಹಣ), ರಫ್ತು ಸುಂಕ, ಎಲ್ಲಕ್ಕೂ ಸರ್ಕಾರದ ಬಾಗಿಲಿಗೇ ಹೋಗಬೇಕು. ಕಂಪನಿಯನ್ನು ಕೊಳ್ಳಲು ಬಂದವನೂ ಅದೇ ಬಾಗಿಲು ತಟ್ಟಬೇಕು. ಹಾಗಾಗಿ ಸುದ್ದಿ ನಿಜವೋ ಸುಳ್ಳೋ ಅನ್ನುವುದಕ್ಕಿಂತ, ಒಪ್ಪಿಗೆ ಕೊಡಬೇಕಾದವರು ಯಾರು, ಅವರು ಈಗ ವೋಟು ಕೇಳುವ ಸ್ಥಿತಿಯಲ್ಲಿದ್ದಾರಾ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ಇದಕ್ಕೆ 2024ರ ಆಂಗ್ಲೋ ಅಮೆರಿಕನ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1917ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಗಣಿ ಕಂಪನಿ ಇದು. 1999ರಲ್ಲಿ ಲಂಡನ್‌ಗೆ ಹೋಯಿತು. ಇದರ ಹತ್ತಿರ ಚಿಲಿ ಮತ್ತು ಪೆರುವಿನ ತಾಮ್ರದ ಗಣಿಗಳಿದ್ದವು. ಡಿ ಬೀರ್ಸ್ ವಜ್ರದ ಕಂಪನಿಯ 85 ಪರ್ಸೆಂಟ್ ಇತ್ತು. ಜೊತೆಗೆ ದಕ್ಷಿಣ ಆಫ್ರಿಕಾದ ಎರಡು ದೊಡ್ಡ ಕಂಪನಿಗಳ ಹಿಡಿತವೂ ಇತ್ತು. ಒಂದು ಪ್ಲಾಟಿನಂ ತೆಗೆಯುವ ಆಂಪ್ಲಾಟ್ಸ್, ಇನ್ನೊಂದು ಕಬ್ಬಿಣದ ಅದಿರಿನ ಕುಂಬಾ.

2024ರ ಏಪ್ರಿಲ್ ಕೊನೆಯಲ್ಲಿ ಆಸ್ಟ್ರೇಲಿಯಾದ ಗಣಿ ಕಂಪನಿ ಬಿಎಚ್‌ಪಿ ಇದನ್ನು ಕೊಳ್ಳಲು ಮುಂದಾಗಿದೆ ಅಂತ ಸುದ್ದಿ ಹೊರಬಿತ್ತು. ಹಿಂದಿನ ದಿನ 22 ಪೌಂಡಿನ ಆಸುಪಾಸಿನಲ್ಲಿದ್ದ ಆಂಗ್ಲೋ ಷೇರು ಒಂದೇ ದಿನದಲ್ಲಿ ಸುಮಾರು 16 ಪರ್ಸೆಂಟ್ ಜಿಗಿಯಿತು. ಬಿಎಚ್‌ಪಿಯ ಮೊದಲ ಬೆಲೆ ಷೇರಿಗೆ ಸುಮಾರು 25 ಪೌಂಡು. ಆಂಗ್ಲೋ ಬೇಡ ಅಂದಿತು. ಮೇ 7ಕ್ಕೆ ಬೆಲೆ ಏರಿಸಿದರು, ಅದೂ ಬೇಡ. ಮೇ 20ಕ್ಕೆ 29.34 ಪೌಂಡಿಗೆ ಬಂದು ನಿಂತರು. ಒಟ್ಟು ಬೆಲೆ ಸುಮಾರು 38.6 ಶತಕೋಟಿ ಪೌಂಡು.

ಇಲ್ಲಿ ಒಂದು ವಿಷಯ ಗಮನಿಸಿ. ಪೇಪರಿನಲ್ಲಿ 29.34 ಅಂತ ದಪ್ಪ ಅಕ್ಷರದಲ್ಲಿ ಬಂದರೂ ಮಾರುಕಟ್ಟೆಯಲ್ಲಿ ಷೇರು ಅದಕ್ಕಿಂತ ಸಾಕಷ್ಟು ಕೆಳಗೇ ಓಡಾಡುತ್ತಿತ್ತು. ಡೀಲ್ ಆಗುವುದು ಖಚಿತ ಅಂತಿದ್ದರೆ ಯಾರು ಅಷ್ಟು ಕಮ್ಮಿಗೆ ಮಾರುತ್ತಾರೆ, ಅಲ್ವಾ? ಆ ಅಂತರದಲ್ಲೇ ಎಲ್ಲ ಅನುಮಾನವೂ ಇತ್ತು. ಲೆಕ್ಕಕ್ಕೆ ಮಾರುಕಟ್ಟೆ ಬೆಲೆ 26 ಅಂತ ಇಟ್ಟುಕೊಳ್ಳಿ. ಡೀಲ್ ಆದರೆ 3.34 ಲಾಭ. ಮುರಿದು ಹಳೆಯ 22ಕ್ಕೆ ಬಿದ್ದರೆ 4 ನಷ್ಟ. ಅಂದರೆ ಮಾರುಕಟ್ಟೆ "ಆಗಬಹುದು, ಆಗದೆಯೂ ಇರಬಹುದು" ಅಂತ ಹೆಚ್ಚುಕಮ್ಮಿ ಅರ್ಧಕ್ಕರ್ಧ ಹೇಳುತ್ತಿದೆ. ನಿಮ್ಮ ಷೇರಿಗೂ ಈ ಲೆಕ್ಕ ನೀವೇ ಹಾಕಬಹುದು. ಒಂದು ಎಚ್ಚರ: ಹಳೆಯ ಬೆಲೆ ಅನ್ನುವುದು ಅಲ್ಲೇ ನಿಂತಿರುವುದಿಲ್ಲ. ಅದೇ ಮೇ 20ರಂದು ಲಂಡನ್‌ನಲ್ಲಿ ತಾಮ್ರ ಟನ್ನಿಗೆ 11,000 ಡಾಲರ್ ದಾಟಿ ದಾಖಲೆ ಮಾಡಿತ್ತು. ಷೇರು ಏರಿದ್ದರಲ್ಲಿ ಟೇಕೋವರ್ ಸುದ್ದಿಯ ಪಾಲೆಷ್ಟು, ತಾಮ್ರದ ಪಾಲೆಷ್ಟು ಅಂತ ಬಿಡಿಸುವುದು ಕಷ್ಟ.

ಅನುಮಾನ ಯಾಕೆ? ಬಿಎಚ್‌ಪಿ ಒಂದು ಷರತ್ತು ಹಾಕಿತ್ತು. ಮೊದಲು ಆಂಪ್ಲಾಟ್ಸ್ ಮತ್ತು ಕುಂಬಾ ಷೇರುಗಳನ್ನು ಆಂಗ್ಲೋ ತನ್ನ ಷೇರುದಾರರಿಗೇ ಹಂಚಿಬಿಡಬೇಕು, ಆಮೇಲೆ ಉಳಿದಿದ್ದನ್ನು ನಾವು ಕೊಳ್ಳುತ್ತೇವೆ ಅಂತ. ತಾಮ್ರ ಬೇಕು, ದಕ್ಷಿಣ ಆಫ್ರಿಕಾದ ಗಣಿ ಬೇಡ ಅಂತಲೇ ಎಲ್ಲರೂ ಇದನ್ನು ಓದಿದರು. ಹೇಳಿದ್ದು ಯಾವಾಗ? ಅಲ್ಲಿ ಸಾರ್ವತ್ರಿಕ ಚುನಾವಣೆಗೆ ಐದು ವಾರ ಉಳಿದಿದ್ದಾಗ. ನಿರುದ್ಯೋಗ 32.9 ಪರ್ಸೆಂಟ್. ಅದೇ ಫೆಬ್ರವರಿಯಲ್ಲಿ ಆಂಪ್ಲಾಟ್ಸ್ 3,700 ಕೆಲಸ ಹೋಗಬಹುದು ಅಂತ ಹೇಳಿತ್ತು. ಅಲ್ಲಿನ ಆಳುವ ಎಎನ್‌ಸಿ ಪಕ್ಷ 1994ರಿಂದ ಉಳಿಸಿಕೊಂಡಿದ್ದ ಬಹುಮತ ಕಳೆದುಕೊಳ್ಳುವ ಭಯದಲ್ಲಿತ್ತು. ಗಣಿ ಸಚಿವ ಗ್ವೆಡೆ ಮಂಟಾಶೆ ಈ ಡೀಲ್ ತನಗೆ ಇಷ್ಟವಿಲ್ಲ ಅಂತ ಬಹಿರಂಗವಾಗಿಯೇ ಹೇಳಿದರು. ಸರ್ಕಾರಿ ನೌಕರರ ಪಿಂಚಣಿ ಹಣ ನೋಡಿಕೊಳ್ಳುವ ಅಲ್ಲಿನ ಪಿಐಸಿ ಸಂಸ್ಥೆ ಆಂಗ್ಲೋದ ದೊಡ್ಡ ಷೇರುದಾರರಲ್ಲಿ ಒಂದು. ಅಂದರೆ ಸರ್ಕಾರಕ್ಕೆ ಸಚಿವರ ಕುರ್ಚಿಯೂ ಇತ್ತು, ಷೇರುದಾರರ ಕುರ್ಚಿಯೂ ಇತ್ತು.

ಇನ್ನೊಂದು ಕಾರಣ ನಮ್ಮ ಡೆಸ್ಕಿನವರಿಗೆ ಬೇಗ ಹೊಳೆಯುವಂಥದ್ದು. ಬಿಎಚ್‌ಪಿ ಕೊಡುತ್ತಿದ್ದದ್ದು ನಗದು ಅಲ್ಲ, ತನ್ನದೇ ಷೇರು. ಬಿಎಚ್‌ಪಿ ಷೇರು ಬಿದ್ದರೆ ನಿಮಗೆ ಸಿಗುವ ಬೆಲೆಯೂ ಬೀಳುತ್ತದೆ. ಮತ್ತೆ ಆಂಪ್ಲಾಟ್ಸ್, ಕುಂಬಾ ಷೇರು ಕೈಗೆ ಬಂದರೆ, ಜೋಹಾನ್ಸ್‌ಬರ್ಗ್ ಷೇರು ಇಟ್ಟುಕೊಳ್ಳಲು ನಿಯಮ ಬಿಡದ ಲಂಡನ್ ಫಂಡ್‌ಗಳು ಅದನ್ನು ಸಿಕ್ಕ ರೇಟಿಗೆ ಮಾರಿ ಕೈತೊಳೆದುಕೊಳ್ಳುತ್ತವೆ. ಆಗ ಆ ಷೇರುಗಳ ಬೆಲೆ ಕುಸಿಯುತ್ತದೆ. ಸರ್ಕಾರದ ಒಪ್ಪಿಗೆ ತಡವಾದರೆ ಕಾಯುವ ಕಷ್ಟವೂ ಆಂಗ್ಲೋ ಷೇರುದಾರರದ್ದೇ. ಆಡಳಿತ ಮಂಡಳಿ ಬೇಡ ಅಂದಿದ್ದಕ್ಕೆ ದುರಾಸೆ ಅಂತ ಕೆಲವರು ಬೈದರು. ನನಗೆ ಹಾಗನ್ನಿಸಲಿಲ್ಲ.

ಬ್ರಿಟನ್ನಿನ ನಿಯಮದಲ್ಲಿ ಒಂದು ಒಳ್ಳೆಯ ಅಂಶ ಇದೆ. ಕೊಳ್ಳುತ್ತೇನೆ ಅನ್ನುವವನ ಹೆಸರು ಹೊರಬಂದ ಮೇಲೆ 28 ದಿನದೊಳಗೆ ಗಟ್ಟಿ ಆಫರ್ ಇಡಬೇಕು, ಇಲ್ಲವೇ ಆರು ತಿಂಗಳು ದೂರ ಇರಬೇಕು. ಬೇಕಿದ್ದರೆ ಗುರಿಯಾದ ಕಂಪನಿಯೇ ಗಡುವು ವಿಸ್ತರಿಸಲು ಕೇಳಬಹುದು. ಇಲ್ಲಿ ಗಡುವು ಮೇ 22ಕ್ಕೆ ಇತ್ತು, ಒಂದು ವಾರ ಮುಂದಕ್ಕೆ ಹೋಯಿತು. ಹೊಸ ಗಡುವು ಮೇ 29. ದಕ್ಷಿಣ ಆಫ್ರಿಕಾದಲ್ಲಿ ಮತದಾನವೂ ಮೇ 29. ಜೋಹಾನ್ಸ್‌ಬರ್ಗ್ ಆಫೀಸಿನ ಕೆಲಸಗಳನ್ನು ಮೂರು ವರ್ಷ ಉಳಿಸುತ್ತೇವೆ ಅಂತೆಲ್ಲಾ ಬಿಎಚ್‌ಪಿ ಭರವಸೆ ಕೊಟ್ಟು ಇನ್ನಷ್ಟು ಸಮಯ ಕೇಳಿತು. ಆಂಗ್ಲೋ ಒಪ್ಪಲಿಲ್ಲ. ಜನ ಅಲ್ಲಿ ವೋಟು ಹಾಕುತ್ತಿದ್ದ ದಿನವೇ ಬಿಎಚ್‌ಪಿ ಹಿಂದೆ ಸರಿಯಿತು. ಆಂಗ್ಲೋ ಷೇರು ಬಿತ್ತು, ಆದರೆ 22ಕ್ಕೆ ವಾಪಸ್ ಹೋಗಲಿಲ್ಲ. ಎಎನ್‌ಸಿಗೆ ಸಿಕ್ಕಿದ್ದು ಸುಮಾರು 40 ಪರ್ಸೆಂಟ್ ವೋಟು. ಜೂನ್‌ನಲ್ಲಿ ಸಮ್ಮಿಶ್ರ ಸರ್ಕಾರ ಬಂತು.

ಆಮೇಲೆ ಆದದ್ದು ಇನ್ನೂ ಸ್ವಾರಸ್ಯ. ಬಿಎಚ್‌ಪಿಯಿಂದ ತಪ್ಪಿಸಿಕೊಳ್ಳಲು ಆಂಗ್ಲೋ ಮೇ ತಿಂಗಳಲ್ಲೇ ತನ್ನದೊಂದು ಯೋಜನೆ ಮುಂದಿಟ್ಟಿತ್ತು: ಪ್ಲಾಟಿನಂ, ವಜ್ರ, ಉಕ್ಕಿಗೆ ಬೇಕಾದ ಕಲ್ಲಿದ್ದಲು, ಎಲ್ಲವನ್ನೂ ಬೇರೆ ಮಾಡುತ್ತೇವೆ ಅಂತ. 2025ರಲ್ಲಿ ಆಂಪ್ಲಾಟ್ಸ್ ಬೇರೆಯಾಗಿ ವಾಲ್ಟೆರಾ ಪ್ಲಾಟಿನಂ ಅನ್ನುವ ಹೆಸರು ಪಡೆಯಿತು. ಆಂಗ್ಲೋ ಷೇರುದಾರರ ಕೈಗೆ ಅದರ ಷೇರು ಬಂತು. ಆ ವರ್ಷ ಪ್ಲಾಟಿನಂ ಬೆಲೆ ಜೋರಾಗಿ ಏರಿತು. ಸೆಪ್ಟೆಂಬರ್‌ನಲ್ಲಿ ಆಂಗ್ಲೋ ಕೆನಡಾದ ಟೆಕ್ ಅನ್ನುವ ಗಣಿ ಕಂಪನಿ ಜೊತೆ ವಿಲೀನ ಘೋಷಿಸಿತು. ನವೆಂಬರ್‌ನಲ್ಲಿ ಬಿಎಚ್‌ಪಿ ಮತ್ತೆ ಬಂದು ಮಾತಾಡಿ ಮತ್ತೆ ವಾಪಸ್ ಹೋಯಿತು. ಡೀಲ್ ಮುರಿದರೂ ಅದು ಎಬ್ಬಿಸಿದ ಕಂಪನ ನಿಲ್ಲಲಿಲ್ಲ. ಒಮ್ಮೆ ಒಬ್ಬ ಬಂದು ಬೆಲೆ ಹೇಳಿ ಹೋದ ಮೇಲೆ ಕಂಪನಿಯ ಒಡೆತನದ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ.

ನಮ್ಮಲ್ಲೂ ಇಂಥದ್ದು ನಡೆದಿದೆ. ಛತ್ತೀಸ್‌ಗಢದ ನಗರನಾರ್ ಉಕ್ಕಿನ ಕಾರ್ಖಾನೆ ನೋಡಿ. ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಯಿಂದ ಅದನ್ನು ಬೇರೆ ಮಾಡಿ 2023ರ ಫೆಬ್ರವರಿಯಲ್ಲಿ ಷೇರುಪೇಟೆಯಲ್ಲಿ ಲಿಸ್ಟ್ ಮಾಡಿದರು. ಎನ್‌ಎಂಡಿಸಿಯ ಒಂದು ಷೇರಿಗೆ ಎನ್‌ಎಂಡಿಸಿ ಸ್ಟೀಲ್‌ನ ಒಂದು ಷೇರು ಸಿಕ್ಕಿತು. ಸರ್ಕಾರ ತನ್ನ ಪಾಲಿನಲ್ಲಿ 50.79 ಪರ್ಸೆಂಟನ್ನು ಖಾಸಗಿಯವರಿಗೆ ಮಾರುವ ಪ್ರಕ್ರಿಯೆ ಆಗಲೇ ಶುರು ಮಾಡಿತ್ತು. ಯಾವ ಉಕ್ಕಿನ ಕಂಪನಿ ಕೊಳ್ಳುತ್ತದೆ ಅಂತ ವಾರಕ್ಕೊಂದು ಹೆಸರು. ಅಷ್ಟರಲ್ಲಿ ಛತ್ತೀಸ್‌ಗಢದ ವಿಧಾನಸಭಾ ಚುನಾವಣೆ ಬಂತು. 2023ರ ಅಕ್ಟೋಬರ್‌ನಲ್ಲಿ ಪ್ರಧಾನಿ ಜಗದಲ್‌ಪುರಕ್ಕೆ ಬಂದು ಈ ಕಾರ್ಖಾನೆಯ ಮಾಲೀಕರು ಬಸ್ತರ್ ಜನರೇ ಅಂತ ಹೇಳಿದರು. ಅದೇ ತಿಂಗಳು ಗೃಹ ಸಚಿವರು ಖಾಸಗೀಕರಣ ಇಲ್ಲ ಅಂದರು. ಟೇಕೋವರ್ ಆಸೆಯಿಂದ ಷೇರು ಹಿಡಿದಿದ್ದವರಿಗೆ ಉತ್ತರ ಸಿಕ್ಕಿದ್ದು ಬಿಎಸ್‌ಇ ನೋಟಿಸಿನಲ್ಲಿ ಅಲ್ಲ, ಚುನಾವಣಾ ಭಾಷಣದಲ್ಲಿ.

ಹಾಗಾದರೆ ಲೋಕಸಭೆ ಫಲಿತಾಂಶದ ದಿನಕ್ಕೆ ಹೆದರಬೇಕಾ? ನನ್ನ ಮಟ್ಟಿಗೆ ಜನ ಆ ಒಂದು ದಿನಕ್ಕೆ ಜಾಸ್ತಿ ಹೆದರುತ್ತಾರೆ, ಆಮೇಲೆ ಬರುವ ನಿಯಮಕ್ಕೆ ಕಮ್ಮಿ ಹೆದರುತ್ತಾರೆ. 2024ರ ಜೂನ್ 4ರಂದು ಸೆನ್ಸೆಕ್ಸ್ 4,389 ಅಂಶ ಬಿತ್ತು. ಸರ್ಕಾರಿ ಕಂಪನಿಗಳ ಷೇರುಗಳಿಗೆ ಪೆಟ್ಟು ಇನ್ನೂ ಜೋರು. ಜೂನ್ 7ಕ್ಕೆ ಸೆನ್ಸೆಕ್ಸ್ ಹೊಸ ದಾಖಲೆಯಲ್ಲಿ ಮುಗಿಯಿತು. ಆದರೆ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಯಲ್ಟಿ ಅನ್ನುವುದು ತೆರಿಗೆ ಅಲ್ಲ, ಖನಿಜ ಹಕ್ಕಿನ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಅಂತ ಹೇಳಿತು. ಒಬ್ಬರದು ಮಾತ್ರ ಭಿನ್ನ ತೀರ್ಪು, ಅದು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರದು. ಆಗಸ್ಟ್‌ನಲ್ಲಿ, 2005ರ ಏಪ್ರಿಲ್‌ನಿಂದ ಹಿಡಿದು ಬಾಕಿ ಕೇಳಬಹುದು ಅಂತಲೂ ಆಯಿತು. ಗಣಿ ಷೇರುದಾರರಿಗೆ ಜೂನ್ 4ಕ್ಕಿಂತ ಇದು ದೊಡ್ಡ ಸುದ್ದಿ. ಟಿವಿಯಲ್ಲಿ ಅದರ ಕಾಲು ಭಾಗವೂ ಗಲಾಟೆ ಇರಲಿಲ್ಲ.

ರಾಜ್ಯದ ಕೈ ಎಷ್ಟು ಉದ್ದ ಅಂತ ನೋಡಲು ಸಂಡೂರಿಗೆ ಹೋದರೆ ಸಾಕು. ದೋಣಿಮಲೈ ಗಣಿಯ ಲೀಸ್ ನವೀಕರಣಕ್ಕೆ ಕರ್ನಾಟಕ ಸರ್ಕಾರ 80 ಪರ್ಸೆಂಟ್ ಪ್ರೀಮಿಯಂ (ಹೆಚ್ಚುವರಿ ಹಣ) ಕೇಳಿತು. ಎನ್‌ಎಂಡಿಸಿ ಒಪ್ಪಲಿಲ್ಲ. 2018ರ ನವೆಂಬರ್‌ನಲ್ಲಿ ನಿಂತ ಕೆಲಸ ಮತ್ತೆ ಶುರುವಾಗಿದ್ದು 2021ರ ಫೆಬ್ರವರಿಯಲ್ಲಿ. ಕೇಂದ್ರದ್ದೇ ಕಂಪನಿ, ಆದರೂ ಎರಡು ವರ್ಷಕ್ಕೂ ಮೇಲೆ ಗಣಿ ಮುಚ್ಚಿತ್ತು. ಆದ್ದರಿಂದ ನಿಮ್ಮ ಕಂಪನಿಯ ವಾರ್ಷಿಕ ವರದಿ ತೆಗೆದು ಯಾವ ಗಣಿ ಯಾವ ರಾಜ್ಯದಲ್ಲಿದೆ, ಲೀಸ್ ಯಾವಾಗ ಮುಗಿಯುತ್ತದೆ ಅಂತ ಮೊದಲು ನೋಡಿ. ದೆಹಲಿ ಚುನಾವಣೆಗಿಂತ ಆ ರಾಜ್ಯದ್ದೇ ಮುಖ್ಯ ಆಗಿರಬಹುದು.

ಇನ್ನು ಗಾಳಿಸುದ್ದಿಯ ವಿಷಯ. ವಾಟ್ಸಾಪ್ ಟಿಪ್ ನಂಬಿ ಸುಮ್ನೆ ಕೊಳ್ಳಬೇಡಿ. ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ದೊಡ್ಡ ಕಂಪನಿಗಳು, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250ರೊಳಗಿನವು, ಮುಖ್ಯ ಮಾಧ್ಯಮದಲ್ಲಿ ಬಂದ ಸುದ್ದಿಯಿಂದ ಷೇರು ಬೆಲೆ ಗಣನೀಯವಾಗಿ ಅಲುಗಾಡಿದರೆ 24 ಗಂಟೆಯೊಳಗೆ ಹೌದು, ಅಲ್ಲ ಅಥವಾ ಹೀಗಿದೆ ಅಂತ ಎಕ್ಸ್‌ಚೇಂಜಿಗೆ ತಿಳಿಸಬೇಕು. ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿ ಪ್ರಕಟಣೆ ನೋಡಿ. ನಿಮ್ಮದು ಸಣ್ಣ ಕಂಪನಿಯಾದರೆ ಈ ರಕ್ಷಣೆ ಇಲ್ಲ. ಅಂಥವುಗಳಲ್ಲೇ ಇಂಥ ಸುದ್ದಿ ಜಾಸ್ತಿ ಹುಟ್ಟುತ್ತದೆ.

ಡೀಲ್ ನಿಜವೇ ಆಗಿ ಯಾರಾದರೂ 25 ಪರ್ಸೆಂಟ್ ದಾಟಿದರೆ ಸಾಮಾನ್ಯವಾಗಿ ಓಪನ್ ಆಫರ್ ಬರುತ್ತದೆ. ಆದರೆ ಅವರು ಕೊಳ್ಳಲೇಬೇಕಾದ್ದು ಕಂಪನಿಯ 26 ಪರ್ಸೆಂಟ್ ಷೇರು ಮಾತ್ರ. ಸಾರ್ವಜನಿಕರ ಕೈಯಲ್ಲಿ 50 ಪರ್ಸೆಂಟ್ ಇದ್ದು ಎಲ್ಲರೂ ಕೊಡಲು ಮುಂದೆ ಬಂದರೆ, ನಿಮ್ಮ 100 ಷೇರಿನಲ್ಲಿ ಅವರು ತೆಗೆದುಕೊಳ್ಳುವುದು 52. ಉಳಿದ 48 ನಿಮ್ಮ ಡಿಮ್ಯಾಟ್‌ಗೇ ವಾಪಸ್, ಆಮೇಲೆ ಮಾರುಕಟ್ಟೆ ಎಷ್ಟು ಕೊಡುತ್ತದೋ ಅಷ್ಟೇ. ಆಫರ್ ಬೆಲೆಯನ್ನು ಪೂರ್ತಿ ಷೇರಿಗೆ ಗುಣಿಸಿ ಖುಷಿಪಡುವವರನ್ನು ಪ್ರತಿ ಸಲವೂ ನೋಡುತ್ತೇನೆ.

ಗಣಿ ಯಾವ ರಾಜ್ಯದಲ್ಲಿದೆ, ಪ್ರಮೋಟರ್ (ಕಂಪನಿಯ ಹಿಡಿತ ಇರುವವರ) ಪಾಲು ಎಷ್ಟು ಅಂತ ಕಾಮೆಂಟಿನಲ್ಲಿ ಬರೆಯಿರಿ. ಈ ಲೆಕ್ಕವನ್ನು ನಿಮ್ಮ ಕಂಪನಿಗೇ ಹಾಕಿ ತೋರಿಸುತ್ತೇನೆ.